ಗರ್ಭಕಂಠದ ಕ್ಯಾನ್ಸರ್ ತಪಾಸಣೆ: ಮಾದರಿ ನೀವೇ ತೆಗೆಯುವುದೋ, ವೈದ್ಯರಿಂದ ತೆಗೆಸುವುದೋ?

ಆಸ್ಪತ್ರೆಗೆ ಹೋಗಿ ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ) ಹಾಕಿಸಿಕೊಂಡು ಪರೀಕ್ಷೆ ಮಾಡಿಸಬೇಕೇ, ಇಲ್ಲ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸ್ವಾಬ್‌ನಿಂದ (ಮೆತ್ತನೆಯ ತುದಿಯ ಕಡ್ಡಿಯಿಂದ) ನಾವೇ ಮಾದರಿ ತೆಗೆದು ಲ್ಯಾಬ್‌ಗೆ ಕೊಟ್ಟರೆ ಸಾಕೇ? ಮೂತ್ರ ಕೊಟ್ಟರೂ ನಡೆಯುತ್ತದಂತೆ, ನಿಜವೇ? ಈ ಪ್ರಶ್ನೆಗಳನ್ನು ಇಟ್ಟುಕೊಂಡೇ ವರ್ಷಗಟ್ಟಲೆ ತಪಾಸಣೆ ಮುಂದೂಡುವವರು ಬಹಳ. ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಆದರೆ ನಿಮ್ಮ ವಯಸ್ಸು, ದೇಹಸ್ಥಿತಿ, ಅನುಕೂಲ ನೋಡಿ ಆಯ್ದುಕೊಳ್ಳುವುದು ಕಷ್ಟವೂ ಅಲ್ಲ.

ನೀವೇ ಮಾದರಿ ತೆಗೆದರೂ ಫಲಿತಾಂಶ ಏಕೆ ಸರಿಯಾಗಿ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಎಚ್‌ಪಿವಿ ಎಂಬ ವೈರಸ್ಸಿನ ದೀರ್ಘಕಾಲದ ಸೋಂಕಿನಿಂದ ಬರುತ್ತದೆ. ಇದನ್ನು ತೋರಿಸಿಕೊಟ್ಟ ಹಾರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಹೊತ್ತ ಜೀವಕೋಶಗಳು ಗರ್ಭಕಂಠದಿಂದ ಉದುರಿ ಯೋನಿಯೊಳಗೆ ಇಳಿಯುತ್ತಲೇ ಇರುತ್ತವೆ. ಎಚ್‌ಪಿವಿ ಪರೀಕ್ಷೆ ಹುಡುಕುವುದು ವೈರಸ್ಸಿನ ಡಿಎನ್‌ಎ. ಅದಕ್ಕೆ ಗರ್ಭಕಂಠವನ್ನೇ ಮುಟ್ಟಿದ ಮಾದರಿ ಬೇಕಿಲ್ಲ, ಯೋನಿಯ ಗೋಡೆಗೆ ಅಂಟಿದ್ದು ಸಾಕು. ಪ್ಯಾಪ್ ಸ್ಮಿಯರ್ ಹಾಗಲ್ಲ. ಅಲ್ಲಿ ಗರ್ಭಕಂಠದ ಜೀವಕೋಶಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದಕ್ಕೆ ಗರ್ಭಕಂಠದಿಂದಲೇ ಕೆರೆದ ಮಾದರಿ ಬೇಕು. ಹಾಗಾಗಿ “ಮನೆಯಲ್ಲೇ ಪ್ಯಾಪ್” ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಸ್ವಂತ ಮಾದರಿ ಎಂದರೆ ಎಚ್‌ಪಿವಿ ಪರೀಕ್ಷೆ ಮಾತ್ರ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ರೋಗ ಹಿಡಿಯುವ ಶಕ್ತಿ. ಎರಡನೆಯದು, ಮಾದರಿ ಕೆಟ್ಟು ಮತ್ತೆ ಮಾಡಿಸಬೇಕಾದ ಸಾಧ್ಯತೆ. ಮೂರನೆಯದು, ಪಾಸಿಟಿವ್ ಬಂದರೆ ಮುಂದೆ ಎಷ್ಟು ಸಲ ಓಡಾಡಬೇಕು. ನಾಲ್ಕನೆಯದು, ನಿಮ್ಮ ದೇಹಸ್ಥಿತಿಗೆ ಆ ವಿಧಾನ ಒಪ್ಪುತ್ತದೆಯೇ. ಐದನೆಯದು ಖರ್ಚು. ಇಲ್ಲಿ ಕಿಟ್‌ನ ಬೆಲೆಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಲ್ಯಾಬ್ ಶುಲ್ಕ, ಕೆಲಸ ಬಿಟ್ಟು ಹೋಗುವ ದಿನ, ಪಾಸಿಟಿವ್ ಬಂದರೆ ಮಾಡಿಸಬೇಕಾದ ಎರಡನೇ ಪರೀಕ್ಷೆ ಎಲ್ಲವೂ ಸೇರಬೇಕು.

ಇದೆಲ್ಲಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು, “ನಾನು ಇದನ್ನು ನಿಜವಾಗಿಯೂ ಮಾಡಿಸುತ್ತೇನೆಯೇ?” ಎಂದು. ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಮಾಡಿಸದೆ ಹೋದರೆ ಅದರಿಂದ ಏನೂ ಸಿಗದು.

ಮೊದಲು ಒಂದು ಗೆರೆ: ಇವರು ಸ್ವಂತ ಮಾದರಿಯ ಗೊಡವೆಗೆ ಹೋಗಬಾರದು

ಸಂಭೋಗದ ನಂತರ ರಕ್ತ ಕಾಣಿಸಿಕೊಳ್ಳುವುದು, ಎರಡು ಮುಟ್ಟಿನ ನಡುವೆ ರಕ್ತಸ್ರಾವ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ರಕ್ತ ಬೆರೆತ ಅಥವಾ ದುರ್ವಾಸನೆಯ ಬಿಳಿಸೆರಗು, ಬಿಡದೆ ಕಾಡುವ ಕಿಬ್ಬೊಟ್ಟೆ ನೋವು: ಇವುಗಳಲ್ಲಿ ಯಾವುದಿದ್ದರೂ ಕಿಟ್ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ಸ್ಕ್ರೀನಿಂಗ್ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ಲಕ್ಷಣ ಇದ್ದವರಿಗೆ ಬೇಕಾದದ್ದು ಗರ್ಭಕಂಠವನ್ನು ಕಣ್ಣಾರೆ ನೋಡುವ ಪರೀಕ್ಷೆ. ಅವರಲ್ಲಿ ಎಚ್‌ಪಿವಿ ನೆಗೆಟಿವ್ ಬಂದರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಈ ಹಿಂದೆ ಗಂಭೀರ ಕ್ಯಾನ್ಸರ್‌ಪೂರ್ವ ಬದಲಾವಣೆಗೆ ಚಿಕಿತ್ಸೆ ಪಡೆದವರು, ತಾಯಿಯ ಹೊಟ್ಟೆಯಲ್ಲಿದ್ದಾಗ ಡಿಇಎಸ್ ಎಂಬ ಹಾರ್ಮೋನ್ ಔಷಧದ ಪ್ರಭಾವಕ್ಕೆ ಒಳಗಾದವರು ತಾವಾಗಿಯೇ ಕಿಟ್ ತರಿಸಿಕೊಳ್ಳದೆ ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು. ಗರ್ಭಿಣಿಯರೂ ಕೇಳಿಯೇ ಮುಂದುವರಿಯಲಿ. ಗರ್ಭಕೋಶ ತೆಗೆಸಿದವರು ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂದು ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಿ. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಉಳಿಸಿರುತ್ತಾರೆ, ಉಳಿಸಿದ್ದರೆ ತಪಾಸಣೆ ಬೇಕು.

ವೈದ್ಯರು ಅಥವಾ ನರ್ಸ್ ತೆಗೆಯುವ ಮಾದರಿ

ಸ್ಪೆಕ್ಯುಲಂ ಹಾಕಿ, ಗರ್ಭಕಂಠವನ್ನು ಬೆಳಕಿನಲ್ಲಿ ನೋಡಿ, ಮೆತ್ತನೆಯ ಬ್ರಷ್‌ನಿಂದ ಜೀವಕೋಶಗಳನ್ನು ತೆಗೆದು ದ್ರವದ ಬಾಟಲಿಗೆ ಹಾಕುತ್ತಾರೆ. ಇದರ ದೊಡ್ಡ ಅನುಕೂಲವೆಂದರೆ ಅದೇ ಬಾಟಲಿಯಿಂದ ಎರಡು ಕೆಲಸ ಆಗುತ್ತದೆ. ಎಚ್‌ಪಿವಿ ಪಾಸಿಟಿವ್ ಬಂದರೆ ಉಳಿದ ದ್ರವದಲ್ಲೇ ಲ್ಯಾಬ್‌ನವರು ಜೀವಕೋಶಗಳ ಪರೀಕ್ಷೆ ಮಾಡಬಹುದು, ನೀವು ಮತ್ತೆ ಹೋಗಬೇಕಿಲ್ಲ. ಗಡ್ಡೆ, ಹುಣ್ಣು, ಪಾಲಿಪ್‌ನಂಥದ್ದು ಇದ್ದರೆ ವೈದ್ಯರ ಕಣ್ಣಿಗೂ ಬೀಳುತ್ತದೆ.

ಅನನುಕೂಲ ಏನೆಂಬುದು ಹೋಗಿಬಂದ ಎಲ್ಲರಿಗೂ ಗೊತ್ತು. ಮುಜುಗರ, ಅಪಾಯಿಂಟ್‌ಮೆಂಟ್, ಕೆಲವರಿಗೆ ನೋವು. ಲೈಂಗಿಕ ದೌರ್ಜನ್ಯದ ನೋವುಂಡವರಿಗೆ, ಯೋನಿ ಬಿಗಿದುಕೊಳ್ಳುವ ತೊಂದರೆ ಇರುವವರಿಗೆ, ಮುಟ್ಟು ನಿಂತು ಒಣಗಿದ ಮೈಯವರಿಗೆ ಸ್ಪೆಕ್ಯುಲಂ ಸಣ್ಣ ಮಾತಲ್ಲ. ಹೋಗುವುದೇ ಆದರೆ ಚಿಕ್ಕ ಅಳತೆಯ ಸ್ಪೆಕ್ಯುಲಂ ಬಳಸುವಂತೆ, ಮಹಿಳಾ ಸಿಬ್ಬಂದಿಯೇ ಮಾಡುವಂತೆ, ಬೇಡವೆಂದ ತಕ್ಷಣ ನಿಲ್ಲಿಸುವಂತೆ ಕೇಳುವ ಹಕ್ಕು ನಿಮಗಿದೆ. ಸಂಕೋಚ ಬಿಟ್ಟು ಕೇಳಿ.

ಎಚ್‌ಪಿವಿ ಪರೀಕ್ಷೆ ಸಿಗದ ಕಡೆ ಪ್ಯಾಪ್ ಒಂದನ್ನೇ ಅಥವಾ ವಿಐಎ ಮಾಡುತ್ತಾರೆ. ಪ್ಯಾಪ್‌ನ ಫಲಿತಾಂಶ ನೋಡುವವರ ಕಣ್ಣಿನ ಪಳಗುವಿಕೆಯನ್ನು ನೆಚ್ಚಿಕೊಂಡಿದೆ. ಒಂದು ಸಲದ ಪ್ಯಾಪ್ ಗಂಭೀರ ಬದಲಾವಣೆಗಳಲ್ಲಿ ಗಣನೀಯ ಪಾಲನ್ನು ಬಿಟ್ಟುಬಿಡಬಹುದು, ಅದಕ್ಕೇ ಅದನ್ನು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ವಿಐಎ ಎಂದರೆ ಗರ್ಭಕಂಠಕ್ಕೆ ಶೇ 3ರಿಂದ 5ರ ಅಸೆಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಮೂಡುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವುದು. ಖರ್ಚು ಕಡಿಮೆ, ಫಲಿತಾಂಶ ಆಗಲೇ ಸಿಗುತ್ತದೆ. ಆದರೆ ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ, ಹಾಗಾಗಿ 50 ದಾಟಿದವರಿಗೆ ಅದನ್ನು ನೆಚ್ಚುವಂತಿಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1,30,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಇವೆರಡಕ್ಕಿಂತ ಎಚ್‌ಪಿವಿ ಪರೀಕ್ಷೆಯೇ ಮೇಲು ಎಂಬುದನ್ನು ಸ್ಪಷ್ಟವಾಗಿ ತೋರಿಸಿತು. ಒಂದೇ ಒಂದು ಸುತ್ತಿನ ಎಚ್‌ಪಿವಿ ಪರೀಕ್ಷೆ ಗರ್ಭಕಂಠ ಕ್ಯಾನ್ಸರ್‌ನ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಪ್ಯಾಪ್ ಮತ್ತು ವಿಐಎ ಗುಂಪುಗಳಲ್ಲಿ ಅಂಥ ಗಮನಾರ್ಹ ಇಳಿಕೆ ಕಾಣಲಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ, ನನ್ನ ಮಟ್ಟಿಗೆ ನೀವೇ ತೆಗೆದ ಎಚ್‌ಪಿವಿ ಮಾದರಿ ವೈದ್ಯರು ತೆಗೆದ ಬರೀ ಪ್ಯಾಪ್‌ಗಿಂತ ಮೇಲು.

ನೀವೇ ತೆಗೆಯುವ ಸ್ವಾಬ್: ಕ್ಲಿನಿಕ್‌ನಲ್ಲೋ ಮನೆಯಲ್ಲೋ

ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನದಲ್ಲಿ ಪರೀಕ್ಷಿಸಿದರೆ ಸ್ವಂತ ಮಾದರಿಗೂ ವೈದ್ಯರು ತೆಗೆದ ಮಾದರಿಗೂ ರೋಗ ಹಿಡಿಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಈ ಭರವಸೆಯ ಮೇಲೆಯೇ ಆಸ್ಟ್ರೇಲಿಯಾ 2022ರ ಜುಲೈನಿಂದ ತಪಾಸಣೆಗೆ ಬರುವ ಎಲ್ಲರಿಗೂ ಸ್ವಂತ ಮಾದರಿಯ ಆಯ್ಕೆ ಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮೇ ತಿಂಗಳಲ್ಲಿ ಆರೋಗ್ಯ ಕೇಂದ್ರದೊಳಗೆ ತೆಗೆಯುವ ಸ್ವಂತ ಮಾದರಿಗೆ, 2025ರ ಮೇ ತಿಂಗಳಲ್ಲಿ ಮನೆಯಲ್ಲಿ ತೆಗೆಯುವ ಟೀಲ್ ವ್ಯಾಂಡ್ ಎಂಬ ಸಾಧನಕ್ಕೆ ಒಪ್ಪಿಗೆ ನೀಡಿತು.

ಆದರೆ ಪರೀಕ್ಷೆ ಯಾವುದು ಎಂಬುದು ಮುಖ್ಯ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸದೆ ಬರೀ ಸಂಕೇತವನ್ನು ಹೆಚ್ಚಿಸಿ ತೋರಿಸುವ ಹಳೆಯ ಬಗೆಯ ಪರೀಕ್ಷೆಗಳು ಸ್ವಂತ ಮಾದರಿಯಲ್ಲಿ ಹೆಚ್ಚು ರೋಗಿಗಳನ್ನು ಬಿಟ್ಟುಬಿಡುತ್ತವೆ. ವೈರಸ್ಸಿನ ಡಿಎನ್‌ಎ ಬದಲು ಅದರ ಎಂಆರ್‌ಎನ್‌ಎ ಹುಡುಕುವ ಪರೀಕ್ಷೆಯನ್ನು ವೈದ್ಯಕೀಯ ಸಿಬ್ಬಂದಿ ತೆಗೆದ ಮಾದರಿಗೆ ಮಾತ್ರ ಬಳಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಆದ್ದರಿಂದ ದುಡ್ಡು ಕೊಡುವ ಮೊದಲು ಲ್ಯಾಬ್‌ಗೆ ಮೂರು ಪ್ರಶ್ನೆ ಕೇಳಿ. ಇದು ಪಿಸಿಆರ್ ವಿಧಾನದ ಡಿಎನ್‌ಎ ಪರೀಕ್ಷೆಯೇ? ಈ ಸ್ವಾಬ್, ಈ ಟ್ಯೂಬ್, ಈ ಯಂತ್ರ ಮೂರನ್ನೂ ಜೊತೆಯಾಗಿ ಸ್ವಂತ ಮಾದರಿಗೆ ಪರೀಕ್ಷಿಸಿ ಒಪ್ಪಲಾಗಿದೆಯೇ? ವರದಿಯಲ್ಲಿ 16 ಮತ್ತು 18ನೇ ತಳಿಗಳನ್ನು ಬೇರೆಯಾಗಿ ತೋರಿಸುತ್ತೀರಾ? ಗರ್ಭಕಂಠ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಈ ಎರಡು ತಳಿಗಳೇ ಕಾರಣ. ಅವು ಇದ್ದರೆ ಮುಂದಿನ ದಾರಿಯೇ ಬೇರೆ. ಇನ್ನು, 6 ಮತ್ತು 11ರಂಥ, ಕ್ಯಾನ್ಸರ್‌ನ ಅಪಾಯ ತೀರಾ ಕಡಿಮೆಯಿರುವ ತಳಿಗಳನ್ನೂ ಸೇರಿಸಿ ಉದ್ದ ಪಟ್ಟಿ ಕೊಡುವ ಪ್ಯಾಕೇಜ್ ಕಂಡರೆ ಅದಕ್ಕೆ ಹೆಚ್ಚು ಹಣ ಕೊಡಬೇಡಿ. ಕ್ಯಾನ್ಸರ್ ತಪಾಸಣೆಗೆ ಅವುಗಳಿಂದ ಉಪಯೋಗವಿಲ್ಲ, ಸುಮ್ಮನೆ ನಿದ್ದೆಗೆಡಿಸುತ್ತವೆ.

ಕ್ಲಿನಿಕ್‌ನಲ್ಲೇ ಪರದೆಯ ಹಿಂದೆ ಅಥವಾ ಶೌಚಾಲಯದಲ್ಲಿ ನೀವೇ ಮಾದರಿ ತೆಗೆದುಕೊಡುವುದು ನಡುದಾರಿ. ಸಂದೇಹವಿದ್ದರೆ ಹೊರಗೆ ನರ್ಸ್ ಇರುತ್ತಾರೆ, ಹೆಸರು ಬರೆಯುವುದರಲ್ಲಿ ತಪ್ಪಾಗುವುದಿಲ್ಲ, ಟ್ಯೂಬ್ ಆಗಲೇ ಲ್ಯಾಬ್‌ನವರ ಕೈಸೇರುತ್ತದೆ. ಪಾಸಿಟಿವ್ ಬಂದರೆ ಕರೆ ಮಾಡುವವರೂ ಇರುತ್ತಾರೆ. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ಮನೆಯಲ್ಲಿ ತೆಗೆದು ಕಳಿಸುವುದು ಹೋಗಿಬರಲು ಆಗದವರಿಗೆ, ಮಗುವನ್ನೋ ಕಾಯಿಲೆಯವರನ್ನೋ ಬಿಟ್ಟು ಹೊರಡಲಾರದವರಿಗೆ, ಆಸ್ಪತ್ರೆಯ ವಾತಾವರಣವೇ ಭಯ ಹುಟ್ಟಿಸುವವರಿಗೆ ಹೇಳಿ ಮಾಡಿಸಿದ್ದು. ಆದರೆ ಫಲಿತಾಂಶ ಬಂದ ಮೇಲಿನ ಜವಾಬ್ದಾರಿ ಬಹುಪಾಲು ನಿಮ್ಮ ಮೇಲೆ ಬೀಳುತ್ತದೆ. ಪಾಸಿಟಿವ್ ಬಂದರೆ ಯಾವ ವೈದ್ಯರ ಬಳಿ ಹೋಗುತ್ತೇನೆ ಎಂಬುದು ಗೊತ್ತಾಗುವ ತನಕ ಕಿಟ್ ತೆರೆಯಬೇಡಿ.

ಸಾಧನಗಳಲ್ಲಿ ಸಾಮಾನ್ಯವಾಗಿ ಸಿಗುವುದು ಫ್ಲಾಕ್ಡ್ ಸ್ವಾಬ್. ತುದಿಯಲ್ಲಿ ಹತ್ತಿ ಸುತ್ತಿರುವುದಿಲ್ಲ. ಮೆತ್ತನೆಯ ನೈಲಾನ್ ಎಳೆಗಳು ಮಖಮಲ್ಲಿನಂತೆ ನಿಂತಿರುತ್ತವೆ, ಹಿಡಿದ ಜೀವಕೋಶಗಳನ್ನು ಲ್ಯಾಬ್‌ನಲ್ಲಿ ಸುಲಭವಾಗಿ ಬಿಟ್ಟುಕೊಡುತ್ತವೆ. ತೆಳ್ಳಗಿರುವುದರಿಂದ ಒಣಗಿದ ಮೈಯವರಿಗೂ ಹಿತ. ಎವಲಿನ್‌ನಂಥ ಬ್ರಷ್‌ನಲ್ಲಿ ಆಳದ ಗೊಂದಲವಿಲ್ಲ: ಪಕ್ಕದ ರೆಕ್ಕೆಗಳು ಹೊರಭಾಗಕ್ಕೆ ತಾಗುವವರೆಗೆ ಒಳಗಿಟ್ಟು, ಹಿಂದಿನ ಕಡ್ಡಿ ಒತ್ತಿದರೆ ಬ್ರಷ್ ಹೊರಚಾಚುತ್ತದೆ. ಐದು ಸುತ್ತು ತಿರುಗಿಸಬೇಕು, ಸುತ್ತಿಗೊಂದು ಕ್ಲಿಕ್ ಶಬ್ದ ಕೇಳುತ್ತದೆ. “ಸರಿಯಾಗಿ ಮಾಡಿದೆನೋ ಇಲ್ಲವೋ” ಎಂಬ ಅನುಮಾನದವರಿಗೆ ಆ ಎಣಿಕೆ ನೆಮ್ಮದಿ ಕೊಡುತ್ತದೆ. ಆದರೆ ಈ ಬ್ರಷ್ ಸಾಧನ ಸ್ವಾಬ್‌ಗಿಂತ ದಪ್ಪ. ಯಾವ ಸಾಧನ ಎಂಬುದಕ್ಕೆ ತೀರಾ ತಲೆಕೆಡಿಸಿಕೊಳ್ಳಬೇಕಿಲ್ಲ, ಲ್ಯಾಬ್ ಒಪ್ಪುವುದನ್ನೇ ಬಳಸಿ.

ಒಣ ಟ್ಯೂಬೋ ದ್ರವದ ಬಾಟಲಿಯೋ ಎಂಬುದು ಮಾತ್ರ ಯೋಚಿಸಬೇಕಾದದ್ದು. ಮಾದರಿ ಕಾಪಾಡುವ ಕೆಲವು ದ್ರವಗಳಲ್ಲಿ ಮೆಥನಾಲ್ ಇರುತ್ತದೆ. ಅದು ಬೆಂಕಿ ಹತ್ತಿಕೊಳ್ಳುವ, ಕುಡಿದರೆ ವಿಷವಾಗುವ ವಸ್ತು. ಮಕ್ಕಳಿರುವ ಮನೆಗೆ ಬೇಡ, ಅಂಚೆಯಲ್ಲಿ ಕಳಿಸಲೂ ತೊಡಕು. ಮನೆಯ ಬಳಕೆಗೆ ಒಣ ಟ್ಯೂಬ್ ಒಳ್ಳೆಯದು.

ಕೈಯಲ್ಲಿ ಸ್ವಾಬ್ ಹಿಡಿದಾಗ

ದಿನ ಆರಿಸುವಾಗ ಮುಟ್ಟಿನ ಹೆಚ್ಚು ರಕ್ತ ಹೋಗುವ ದಿನಗಳನ್ನು ಬಿಡಿ, ರಕ್ತ ಜಾಸ್ತಿಯಾದರೆ ಪಿಸಿಆರ್ ಕೆಲಸ ಮಾಡದೆ ಹೋಗಬಹುದು. ಅದಕ್ಕೆ ಎರಡು ದಿನ ಮುಂಚಿನಿಂದ ಯೋನಿಯೊಳಗೆ ಹಾಕುವ ಕ್ರೀಮ್, ಮಾತ್ರೆ, ಜೆಲ್ ಬೇಡ. ಒಳಗೆ ನೀರು ಹಾಯಿಸಿ ತೊಳೆಯುವುದಂತೂ ಬೇಡವೇ ಬೇಡ. ಕೆಲವು ಕಿಟ್‌ಗಳು ಸಂಭೋಗವನ್ನೂ ಎರಡು ದಿನ ತಪ್ಪಿಸಿ ಎನ್ನುತ್ತವೆ.

ಮೊದಲು ಟ್ಯೂಬಿನ ಮೇಲೆ ಹೆಸರು, ಹುಟ್ಟಿದ ದಿನಾಂಕ, ಇವತ್ತಿನ ತಾರೀಖು ಬರೆಯಿರಿ. ಆಮೇಲೆ ಬರೆಯೋಣ ಎಂದು ಮರೆತ ಟ್ಯೂಬ್ ಲ್ಯಾಬ್‌ನಲ್ಲಿ ತಿರಸ್ಕಾರವಾಗುತ್ತದೆ. ಕೈ ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಸ್ವಾಬ್‌ನ ಕಡ್ಡಿಯ ಮೇಲೆ ಗುರುತಿನ ಗೆರೆಯಿದ್ದರೆ ಬೆರಳುಗಳನ್ನು ಅಲ್ಲೇ ಹಿಡಿಯಿರಿ. ಒಂದು ಕಾಲು ಸ್ಟೂಲಿನ ಮೇಲಿಟ್ಟು ನಿಂತೋ, ಕುಕ್ಕರಗಾಲಿನಲ್ಲಿ ಕೂತೋ, ಮಂಡಿ ಮಡಚಿ ಮಲಗಿಯೋ, ಯಾವುದು ಸುಲಭವೋ ಹಾಗೆ. ಇನ್ನೊಂದು ಕೈಯಿಂದ ಹೊರತುಟಿಗಳನ್ನು ಸರಿಸಿ ಸ್ವಾಬನ್ನು ಸುಮಾರು 5 ಸೆಂಟಿಮೀಟರ್ ಒಳಗೆ ಬಿಡಿ. ಇಲ್ಲೇ ಹೆಚ್ಚಿನವರು ತಪ್ಪುವುದು: ನೇರ ಮೇಲಕ್ಕೆ ತಳ್ಳುತ್ತಾರೆ, ಅದು ಗೋಡೆಗೆ ಚುಚ್ಚಿ ನಿಲ್ಲುತ್ತದೆ. ಯೋನಿಯ ದಾರಿ ಬೆನ್ನಿನ ಕೆಳಭಾಗದ ಕಡೆಗೆ ಓರೆಯಾಗಿದೆ, ಸೊಂಟದ ಹಿಂಬದಿಯತ್ತ ಗುರಿಯಿಟ್ಟರೆ ಸಲೀಸಾಗಿ ಹೋಗುತ್ತದೆ. ಬಿಗಿದುಕೊಂಡಿತೆನಿಸಿದರೆ ನಿಲ್ಲಿಸಿ, ಬಾಯಿಂದ ನಿಧಾನ ಉಸಿರು ಬಿಡಿ, ಬಿಡುವಾಗ ಮುಂದಕ್ಕೆ ಸರಿಸಿ. ಗರ್ಭಕೋಶದವರೆಗೆ ಹೋಗಿಬಿಟ್ಟರೆ ಎಂಬ ಹೆದರಿಕೆ ಬೇಡ, ಗರ್ಭಕಂಠದ ಬಾಯಿ ಅಷ್ಟು ಕಿರಿದು.

ಗೋಡೆಗೆ ತಾಗುವಂತೆ ಮೆಲ್ಲಗೆ ತಿರುಗಿಸಿ. ಎಷ್ಟು ಸುತ್ತು, ಎಷ್ಟು ಹೊತ್ತು ಎಂಬುದು ಕಿಟ್‌ನ ಕಾಗದದಲ್ಲಿರುತ್ತದೆ, ಸಾಮಾನ್ಯವಾಗಿ 10ರಿಂದ 30 ಸೆಕೆಂಡ್. ತೆಗೆಯುವಾಗ ಹೊರಚರ್ಮಕ್ಕೆ ತಾಗಿದರೆ ಚಿಂತೆಯಿಲ್ಲ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ನೀರಿನಲ್ಲಿ ಅದ್ದಬೇಡಿ, ನೆಲಕ್ಕೆ ಬಿದ್ದರೆ ಹೊಸ ಕಿಟ್ ಕೇಳಿ. ಒಣ ಟ್ಯೂಬ್ ಖಾಲಿಯಿದೆಯಲ್ಲ ಎಂದು ನೀರು ಹಾಕುವುದು, ದ್ರವ ಚೆಲ್ಲಿದ ಬಾಟಲಿಗೆ ನೀರು ಬೆರೆಸುವುದು ಎರಡೂ ಮಾದರಿಯನ್ನು ಕೆಡಿಸುತ್ತವೆ. ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲಿಗೆ ನಿಂತ ಕಾರಿನಲ್ಲಿ ಇಡದೆ, ಆದಷ್ಟು ಬೇಗ ಕಳಿಸಿ.

ಲ್ಯಾಬ್‌ನವರು ಮಾದರಿಯಲ್ಲಿ ಮನುಷ್ಯನ ಜೀವಕೋಶ ಸಾಕಷ್ಟು ಇದೆಯೇ ಎಂದು ಒಂದು ಮಾನವ ಜೀನ್ ಹುಡುಕಿ ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಅನೇಕ ಪರೀಕ್ಷೆಗಳಲ್ಲಿದೆ. ಅದು ಸಿಗದಿದ್ದರೆ ವರದಿಯಲ್ಲಿ “ಇನ್‌ವ್ಯಾಲಿಡ್” ಎಂದು ಬರುತ್ತದೆ. ಅದರರ್ಥ ನೆಗೆಟಿವ್ ಎಂದಲ್ಲ, ಪಾಸಿಟಿವ್ ಎಂದೂ ಅಲ್ಲ. ಮತ್ತೊಮ್ಮೆ ತೆಗೆದು ಕೊಡಬೇಕು. ಎರಡನೇ ಸಲವೂ ಹಾಗೇ ಬಂದರೆ ವೈದ್ಯರಿಂದ ತೆಗೆಸುವುದು ವಾಸಿ.

ಮೂತ್ರದ ಮಾದರಿ

ಒಳಗೆ ಏನನ್ನೂ ಇಡಲಾಗದವರಿಗೆ ಇದು ಆಕರ್ಷಕ. ಬೇಕಾಗಿರುವುದು ಮೊದಲ ಧಾರೆ, ಸುಮಾರು 20 ಮಿಲಿಲೀಟರ್. ಗರ್ಭಕಂಠದಿಂದ ಇಳಿದು ಹೊರಬಾಯಿಯ ಸುತ್ತ ಸೇರಿದ ಜೀವಕೋಶಗಳನ್ನು ಆ ಮೊದಲ ಧಾರೆಯೇ ತೊಳೆದು ತರುತ್ತದೆ. ಬೇರೆ ಮೂತ್ರಪರೀಕ್ಷೆಗಳಂತೆ ತೊಳೆದುಕೊಂಡು ನಡುಧಾರೆ ಹಿಡಿದರೆ ಬೇಕಾದದ್ದೇ ಹೋಗಿಬಿಡುತ್ತದೆ. ಅಧ್ಯಯನಗಳ ಫಲಿತಾಂಶ ಆಶಾದಾಯಕವಾಗಿದೆ, ಆದರೆ ಸ್ವಾಬ್‌ನಷ್ಟು ಗಟ್ಟಿ ಆಧಾರ ಇನ್ನೂ ಇಲ್ಲ. ಸ್ವಾಬ್ ಸಾಧ್ಯವಿದ್ದವರು ಸ್ವಾಬನ್ನೇ ಆರಿಸಿ. ಅದು ಸಾಧ್ಯವೇ ಇಲ್ಲವೆಂದರೆ, ಮೂತ್ರಕ್ಕೆ ಮಾನ್ಯ ಮಾಡಿದ ಪರೀಕ್ಷೆ ಇರುವ ಲ್ಯಾಬ್‌ನಲ್ಲಿ ಮಾಡಿಸಿ.

ಪಾಸಿಟಿವ್ ಬಂದರೆ: ಆಯ್ಕೆಯ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ

ಎಚ್‌ಪಿವಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ. ಹೆಚ್ಚಿನ ಸೋಂಕುಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಚಿಕಿತ್ಸೆಯಿಲ್ಲದ ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು. ಇದು ಗಂಡನ ಮೇಲೋ ಹೆಂಡತಿಯ ಮೇಲೋ ಅನುಮಾನ ಪಡುವ ಸಂಗತಿಯೂ ಅಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳಬಹುದು, ಯಾವಾಗ ಬಂತೆಂದು ಹೇಳುವ ಪರೀಕ್ಷೆ ಇಲ್ಲ.

16 ಅಥವಾ 18 ಸಿಕ್ಕರೆ ಸಾಮಾನ್ಯವಾಗಿ ನೇರವಾಗಿ ಕಾಲ್ಪೊಸ್ಕೋಪಿ ಹೇಳುತ್ತಾರೆ: ಭೂತಗನ್ನಡಿಯಂಥ ಉಪಕರಣದಿಂದ ಗರ್ಭಕಂಠ ನೋಡಿ, ಬೇಕಿದ್ದರೆ ಸಣ್ಣ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ. ಇಲ್ಲಿ ಮಾದರಿ ಯಾರು ತೆಗೆದರೂ ನಂತರದ ದಾರಿ ಒಂದೇ. ಬೇರೆ ಅಪಾಯಕಾರಿ ತಳಿ ಸಿಕ್ಕರೆ ಜೀವಕೋಶಗಳ ಪರೀಕ್ಷೆ ಬೇಕಾಗುವುದೇ ಹೆಚ್ಚು. ವೈದ್ಯರು ತೆಗೆದ ಮಾದರಿಯಾದರೆ ಅದೇ ಬಾಟಲಿಯಲ್ಲಿ ಆಗುತ್ತದೆ, ಸ್ವಂತ ಮಾದರಿಯಾದರೆ ಸ್ಪೆಕ್ಯುಲಂ ಪರೀಕ್ಷೆಗೆ ಒಮ್ಮೆ ಹೋಗಲೇಬೇಕು. ಹಾಗಾಗಿ ಸ್ವಂತ ಮಾದರಿಯಲ್ಲಿ ಸ್ಪೆಕ್ಯುಲಂ ಬೇಡವೇ ಬೇಡ ಎಂದಲ್ಲ. ನೆಗೆಟಿವ್ ಬಂದ ಬಹುಪಾಲು ಜನರಿಗೆ ಮಾತ್ರ ಅದು ತಪ್ಪುತ್ತದೆ. ಬಜೆಟ್ ಲೆಕ್ಕ ಹಾಕುವವರು ಈ ಎರಡನೇ ಭೇಟಿಯ ಖರ್ಚನ್ನು ಬದಿಗಿಟ್ಟುಕೊಂಡೇ ಕಿಟ್ ಕೊಳ್ಳಿ. ಕಿಟ್‌ಗೆ ಹಣ ಹೊಂದಿಸಿ, ಪಾಸಿಟಿವ್ ಬಂದ ಮೇಲೆ ಹಣವಿಲ್ಲದೆ ಸುಮ್ಮನಾಗುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಯಾರಿಗೆ ಯಾವುದು

ಸ್ಪೆಕ್ಯುಲಂ ಪರೀಕ್ಷೆ ನಿಮಗೆ ಅಂಥ ತೊಂದರೆಯಲ್ಲ, ಹೇಗೂ ಸ್ತ್ರೀರೋಗ ತಜ್ಞರ ಬಳಿ ಹೋಗುವುದಿದೆ ಎಂದರೆ ಅವರಿಂದಲೇ ಎಚ್‌ಪಿವಿ ಮಾದರಿ ತೆಗೆಸಿ. ಒಂದೇ ಓಡಾಟದಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು. ಈವರೆಗೆ ಒಮ್ಮೆಯೂ ಮಾಡಿಸದವರು, ಕೊನೆಯ ಪರೀಕ್ಷೆ ಯಾವಾಗೆಂದು ನೆನಪಿಲ್ಲದವರು ಸ್ವಂತ ಮಾದರಿಯನ್ನು ಕಣ್ಣುಮುಚ್ಚಿ ಆರಿಸಿ, ಈ ವಾರವೇ ಆಗಲಿ. ಇವರಲ್ಲಿಯೇ ಅಪಾಯ ಹೆಚ್ಚು, ಲಾಭವೂ ಹೆಚ್ಚು. ಮುಟ್ಟು ನಿಂತವರಿಗೆ ತೆಳ್ಳನೆಯ ಸ್ವಾಬ್ ಹಿತ. ಬಜೆಟ್ ಬಿಗಿಯಿದ್ದರೆ ಪ್ರತಿ ವರ್ಷ ಪ್ಯಾಪ್ ಮಾಡಿಸುವುದಕ್ಕಿಂತ ಹಲವು ವರ್ಷಕ್ಕೊಮ್ಮೆ ಒಳ್ಳೆಯ ಎಚ್‌ಪಿವಿ ಪರೀಕ್ಷೆ ಅಗ್ಗವೂ ಹೌದು, ಗಟ್ಟಿಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 30ರಿಂದ ಶುರುಮಾಡಿ 5ರಿಂದ 10 ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇರುವವರು 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪದು, ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ.

ಸ್ವಂತ ಮಾದರಿಯ ನೆಗೆಟಿವ್‌ಗೆ ಕೆಲವು ಮಾರ್ಗಸೂಚಿಗಳು ವೈದ್ಯರ ಮಾದರಿಗಿಂತ ಕಡಿಮೆ ಅಂತರ, ಅಂದರೆ ಮೂರು ವರ್ಷ ಹೇಳುತ್ತವೆ. ಹಾಗಾಗಿ ವರದಿ ಬಂದ ದಿನವೇ ಫೋನಿನಲ್ಲಿ ಅದರ ಫೋಟೊ ತೆಗೆದಿಡಿ. ತಾರೀಖು, ಯಾವ ಪರೀಕ್ಷೆ, ಯಾವ ತಳಿ, ಮಾದರಿ ಯೋನಿಯದೋ ಗರ್ಭಕಂಠದ್ದೋ ಎಂಬ ನಾಲ್ಕು ವಿವರ ಅದರಲ್ಲಿ ಓದುವಂತಿರಲಿ. ಮುಂದೆ ನಿಮ್ಮನ್ನು ನೋಡುವ ವೈದ್ಯರು ಮುಂದಿನ ತಪಾಸಣೆಯ ವರ್ಷವನ್ನು ಆ ನಾಲ್ಕನ್ನು ನೋಡಿಯೇ ನಿರ್ಧರಿಸುತ್ತಾರೆ.